ಶಾಲು ಸಾಕು, ಆ ಮಕ್ಕಳನ್ನು ಸ್ವಲ್ಪ ಮಾತಾಡಿಸೋಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು ಅಂದರೆ ನಮ್ಮ ಗೌರಿಬಿದನೂರಿನ ಫ್ಲೆಕ್ಸ್ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಎಲ್ಲಿ ನೋಡಿದರೂ ಮಕ್ಕಳ ಮುಖ, ಮುಖದ ಕೆಳಗೆ ಅಂಕ. 625ಕ್ಕೆ 619, 617, 612. ಮಗುವಿನ ಫೋಟೊ ಅಂಗೈ ಅಗಲ, ಶಾಲೆ ಮಾಲೀಕರ ಫೋಟೊ ಆಳೆತ್ತರ.

ಅದು ಮುಗಿದ ಮೇಲೆ ಪ್ರತಿಭಾ ಪುರಸ್ಕಾರಗಳ ಸಾಲು. ಜಾತಿ ಸಂಘದ್ದು ಒಂದು, ನೌಕರರದ್ದು ಒಂದು, ಪತ್ತಿನ ಸಹಕಾರ ಸಂಘದ್ದು ಇನ್ನೊಂದು. ಬೆಳಗ್ಗೆ ಹತ್ತಕ್ಕೆ ಬನ್ನಿ ಅಂತ ಮಕ್ಕಳನ್ನು ಕರೆಯುತ್ತೇವೆ. ಮುಖ್ಯ ಅತಿಥಿಗಳು ಹನ್ನೆರಡೂವರೆಗೆ ಬರುತ್ತಾರೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ವೇದಿಕೆ ಮೇಲಿದ್ದವರಿಗೆಲ್ಲ ಹಾರ. ಊಟದ ಹೊತ್ತು ಮೀರಿದ ಮೇಲೆ ಮಕ್ಕಳ ಹೆಸರು ಕೂಗಿ, ಒಂದು ಶಾಲು, ಒಂದು ಸ್ಮರಣಿಕೆ, ಒಂದು ಫೋಟೊ. ಮುಗಿಯಿತು. ಇಷ್ಟೆಲ್ಲ ಆದರೂ ಆ ಮಗು ಏನು ಮಾತಾಡುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೈಕು ಅದರ ಕೈಗೆ ಬರುವುದೇ ಇಲ್ಲವಲ್ಲ.

ನಮ್ಮ ಹಳೆ ವಿದ್ಯಾರ್ಥಿಗಳ ಗುಂಪೂ ಇಂಥ ಒಂದು ಕಾರ್ಯಕ್ರಮ ನಡೆಸುತ್ತದೆ. ಈ ಸಲ ಗೆಳೆಯರೊಬ್ಬರು ಹೊಸ ಮಾತು ತೆಗೆದರು. ಬರೀ ಅಂಕ ನೋಡುವುದು ಬೇಡ, ಊರಿಗೆ ಏನಾದರೂ ಮಾಡಿದ ಮಕ್ಕಳನ್ನು ಗುರುತಿಸೋಣ ಅಂತ. ಎಲ್ಲರೂ ಹೌದು ಹೌದು ಅಂದರು, ನಾನೂ ಅಂದೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪರೀಕ್ಷೆಗೆ 80, ಸೇವೆಗೆ 20, ಒಟ್ಟು 100 ಅಂತ ಒಂದು ಪಟ್ಟಿಯನ್ನೇ ಹಾಕಿ ತಂದಿದ್ದರು. ಗಿಡ ನೆಟ್ಟರೆ ಇಷ್ಟು, ಸ್ವಚ್ಛತಾ ಆಂದೋಲನಕ್ಕೆ ಇಷ್ಟು, ಫೋಟೊ ಲಗತ್ತಿಸಬೇಕು.

ಇದು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಗ್ರೂಪಿನಲ್ಲಿ ಬರೆದೆ. ಅಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಯಿತು. ಹಾಗಾಗಿ ಇಲ್ಲಿ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಸೇವೆಗೆ ಅಂಕ ಇಟ್ಟರೆ ಎರಡೇ ವರ್ಷದಲ್ಲಿ ಸೇವೆಗೂ ಟ್ಯೂಷನ್ ಶುರುವಾಗುತ್ತದೆ. ದುಡ್ಡಿರುವ ಶಾಲೆ ಪರಿಸರ ದಿನ ಅಂತ ಜೂನ್ 5ಕ್ಕೆ ವ್ಯಾನಿನಲ್ಲಿ ಮಕ್ಕಳನ್ನು ಕರೆತಂದು, ಬಿಳಿ ಟೋಪಿ ಹಾಕಿಸಿ, ನೂರು ಗಿಡ ನೆಡಿಸಿ, ಡ್ರೋನ್‌ನಲ್ಲಿ ಫೋಟೊ ತೆಗೆಸುತ್ತದೆ. ಫೈಲು ದಪ್ಪ ಆಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಆ ಗಿಡಕ್ಕೆ ನೀರು ಹಾಕಿದ ಹುಡುಗನ ಹತ್ತಿರ ಫೋಟೊ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಗಿಡ ನೆಡುವುದು ದೊಡ್ಡ ಕೆಲಸವೇ ಅಲ್ಲ ಸ್ವಾಮಿ, ಅದನ್ನು ಒಂದು ಬೇಸಿಗೆ ದಾಟಿಸುವುದು ಕೆಲಸ. ಸ್ಕೌಟ್ಸ್, ಗೈಡ್ಸ್ ಮಕ್ಕಳ ಮಾತು ಬೇರೆ. ರಾಜ್ಯ ಪುರಸ್ಕಾರದ ಹಂತಕ್ಕೆ ಹೋಗುವ ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ಕಲಿತು ಹೋಗುತ್ತಾರೆ, ಅವರ ಕಲಿಕೆಯನ್ನು ನೋಡುವ ಮೇಷ್ಟ್ರು ಇರುತ್ತಾರೆ. ನಾನು ಹೇಳುತ್ತಿರುವುದು ಒಂದು ದಿನದ ಟೋಪಿ ಸೇವೆಯ ಬಗ್ಗೆ.

ಹಾಗಾದರೆ ನಿಜವಾಗಿ ಊರಿಗೆ ಆಗುತ್ತಿರುವ ಮಕ್ಕಳು ಯಾರು? ಹುಡುಕುವುದೇನೂ ಕಷ್ಟ ಇಲ್ಲ. ಯಾವುದಾದರೂ ಹಳ್ಳಿಗೆ ಸಂಜೆ ಐದರ ಮೇಲೆ ಹೋಗಿ ನೋಡಿ.

ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ. ಸರ್ಕಾರಿ ಪ್ರೌಢಶಾಲೆ. ಅಂಕ 600ರ ಹತ್ತಿರ. ಮನೆಯಲ್ಲಿ ರೇಷ್ಮೆ. ರೇಷ್ಮೆ ಮನೆಯವರಿಗೆ ಗೊತ್ತು, ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ದಾಟಿ ಎದ್ದ ಮೇಲೆ ಹಗಲು ರಾತ್ರಿ ಅಂತ ನೋಡುವುದಿಲ್ಲ, ಮೇಯುತ್ತಲೇ ಇರುತ್ತದೆ. ಮನೆಯವರೆಲ್ಲ ಸೊಪ್ಪು ಹಾಕುತ್ತಲೇ ಇರಬೇಕು. ಪರೀಕ್ಷೆ ಇದೆ ಅಂತ ಹುಳು ಕಾಯುತ್ತದಾ? ಈ ಹುಡುಗಿ ಸೊಪ್ಪು ಹಾಕಿ ಬಂದು ಓದಿದಳು, ಓದಿ ಎದ್ದು ಸೊಪ್ಪು ಹಾಕಿದಳು.

ಅದು ಮನೆ ಕೆಲಸ, ಅದನ್ನು ಸೇವೆ ಅಂತ ನಾನು ಕರೆಯಲ್ಲ. ಊರಿಗೆ ಅವಳು ಮಾಡುವುದು ಬೇರೆ. ಆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಅರ್ಜಿ ಕನ್ನಡ, ಬ್ಯಾಂಕಿನ ಮೆಸೇಜು ಇಂಗ್ಲಿಷ್. ಮೂರೂ ಬಲ್ಲವಳು ಇವಳು. ಸಂಧ್ಯಾ ಸುರಕ್ಷಾ ದುಡ್ಡು 1,200 ಬಂದಿಲ್ಲ ಅಂತ ಒಬ್ಬರು ಅವ್ವ ಬರುತ್ತಾರೆ. ಗೃಹಲಕ್ಷ್ಮಿಯ 2,000 ನಿಂತುಹೋಗಿದೆ ಅಂತ ಇನ್ನೊಬ್ಬರು. ರೇಷನ್ ಕಾರ್ಡಿನ ಇ-ಕೆವೈಸಿ, ಕರೆಂಟ್ ಬಿಲ್ಲು, ಆಸ್ಪತ್ರೆ ಚೀಟಿ. ಎಲ್ಲ ಅವಳ ಮನೆ ಜಗುಲಿಗೆ. "ಪಾಪಾ, ಇದೇನೋ ಬಂದಿದೆ, ಸ್ವಲ್ಪ ನೋಡಮ್ಮ."

ಅವಳ ಜೊತೆ ಅರ್ಧ ಗಂಟೆ ಮಾತಾಡಿದೆ. ತಾಲ್ಲೂಕು ಕಚೇರಿಯ ಕೆಲಸ ಹೇಗೆ ನಡೆಯುತ್ತದೆ ಅಂತ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ದುಡ್ಡು ನಿಂತರೆ ಮೊದಲು ಹೆಸರು ನೋಡಬೇಕಂತೆ. ಆಧಾರ್‌ನಲ್ಲಿ ನರಸಮ್ಮ, ಪಾಸ್‌ಬುಕ್ಕಿನಲ್ಲಿ ನರಸಿಂಹಮ್ಮ, ಪಹಣಿಯಲ್ಲಿ ಮೂರನೇ ಹೆಸರು. ಹೆಸರು ಸರಿ ಇದ್ದರೆ ಆಧಾರ್ ಯಾವ ಬ್ಯಾಂಕಿನ ಖಾತೆಗೆ ಜೋಡಣೆ ಆಗಿದೆ ಅಂತ ನೋಡಬೇಕು. ಮಗ ಎಲ್ಲೋ ಹೊಸ ಖಾತೆ ತೆಗೆಸಿರುತ್ತಾನೆ, ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ, ಅವ್ವ ಹಳೆ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾರೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಒಂದೊಂದು ಅರ್ಜಿ ವಾಪಸ್ ಬಂದಾಗಲೂ ಯಾಕೆ ಬಂತು ಅಂತ ಕೇಳಿ ಕೇಳಿ ಕಲಿತದ್ದು. 2020ರಿಂದ ರೈತರೇ ಬೆಳೆ ಸಮೀಕ್ಷೆ ಮಾಡಿಕೊಳ್ಳಲು ಆ್ಯಪ್ ಬಂತಲ್ಲ, ಅದರಲ್ಲಿ ಹೊಲದೊಳಗೇ ನಿಂತು ಫೋಟೊ ತೆಗೆಯಬೇಕು. ವಯಸ್ಸಾದವರ ಜೊತೆ ಅವಳೇ ಹೊಲಕ್ಕೆ ಹೋಗಿ ಬರುತ್ತಾಳೆ.

ಸಮಾಜ ವಿಜ್ಞಾನದಲ್ಲಿ 100ಕ್ಕೆ 98 ತೆಗೆದಿದ್ದಾಳೆ. ನನಗೆ ಆಶ್ಚರ್ಯ ಆಗಲಿಲ್ಲ. ಗ್ರಾಮ ಪಂಚಾಯಿತಿ ಪಾಠವನ್ನು ಅವಳು ಬಾಯಿಪಾಠ ಮಾಡುವ ಅವಶ್ಯಕತೆ ಏನಿತ್ತು?

ಆದರೆ ಇಲ್ಲೊಂದು ಮಾತಿದೆ. ಅವಳು ಹೇಳಿದ ಇನ್ನೊಂದು ವಿಷಯ ನನಗೆ ಸರಿ ಬರಲಿಲ್ಲ. ಊರಿನವರು ಎಟಿಎಂ ಪಿನ್ನು, ಒಟಿಪಿ ಎಲ್ಲ ಅವಳ ಕೈಗೆ ಕೊಟ್ಟುಬಿಡುತ್ತಾರೆ. ನಂಬಿಕೆ ದೊಡ್ಡದು, ಸರಿ. ನಾಳೆ ಯಾರದೋ ಖಾತೆಯಿಂದ ದುಡ್ಡು ಹೋದರೆ ಮೊದಲು ಬೊಟ್ಟು ಮಾಡುವುದು ಯಾರ ಕಡೆ? ಹದಿನಾರು ವರ್ಷದ ಹುಡುಗಿಯ ಕಡೆ. ಪಂಚಾಯಿತಿಯ ದೊಡ್ಡವರು ಮಾಡಬೇಕಾದ ಕೆಲಸ ಮಗುವಿನ ತಲೆ ಮೇಲೆ ಬಂದು ಕೂತಿದೆ. ಅದನ್ನು ನೋಡಿ "ಆಹಾ, ಎಂಥ ಸೇವೆ" ಅಂತ ಶಾಲು ಹಾಕಿದರೆ ನಾವು ಹಾಕುವುದು ಶಾಲಲ್ಲ, ನಮ್ಮ ಮೈಗಳ್ಳತನಕ್ಕೆ ಮುಸುಕು.

ನೀರಿನ ಕಥೆಯೂ ಹೀಗೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಎಲ್ಲ ಕಡೆ ಕೊಳವೆಬಾವಿ ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಕಾಟ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅನ್ನುತ್ತದೆ ಮಾನದಂಡ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟಿ ನೋಡಿದರೆ ಸಾಕು, ಪರೀಕ್ಷೆ ಬೇಕಿಲ್ಲ. ನನಗೆ ಗೊತ್ತಿರುವ ಒಂದು ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗರು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಂತ ಊರಿನ ಬೋರುಗಳ ನೀರನ್ನು ಕಿಟ್‌ನಲ್ಲಿ ಪರೀಕ್ಷೆ ಮಾಡಿದರು. ಮೇಷ್ಟ್ರು ಒಳ್ಳೆಯವರು, ಚಾರ್ಟ್ ಬರೆದು ಗೋಡೆಗೆ ಹಚ್ಚಿ ಸುಮ್ಮನಾಗಲು ಬಿಡಲಿಲ್ಲ. ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿಗೆ ಆ ನೀರಿನ ಪರೀಕ್ಷೆಯ ಪಟ್ಟಿ ತೆಗೆದುಕೊಂಡು ಹೋದರು. ಒಬ್ಬ ಹುಡುಗ ಎದ್ದು ನಿಂತು, ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಳಾದವು, ಕಾಯಿನ್ ಹಾಕಿದರೆ ಕಾಯಿನ್ ಹೋಗುತ್ತದೆ ನೀರು ಬರಲ್ಲ, ಯಾವಾಗ ರಿಪೇರಿ ಮಾಡಿಸುತ್ತೀರಿ ಅಂತ ಕೇಳಿದ.

ಎಲ್ಲರೂ ಚಪ್ಪಾಳೆ ತಟ್ಟಿದರು. "ಮುಂದೆ ಎಮ್ಮೆಲ್ಲೆ ಆಗ್ತೀಯ ಬಿಡಪ್ಪ" ಅಂತ ಬೆನ್ನು ತಟ್ಟಿದರು. ಒಂದು ಪೆನ್ನು ಕೊಟ್ಟರು. ಘಟಕ ಹಾಗೇ ಇತ್ತು. ಮುಂದಿನ ವರ್ಷದ ಸಭೆಯಲ್ಲೂ ಅದೇ ಪ್ರಶ್ನೆ ಕೇಳಿದ ಮೇಲೆ, ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಿ ಅಂತ ಮೇಷ್ಟ್ರು ಪಟ್ಟು ಹಿಡಿದ ಮೇಲೆ, ರಿಪೇರಿ ಆಯಿತು. ಚಪ್ಪಾಳೆ ಎಷ್ಟು ಸುಲಭ ಅಲ್ವಾ? ಪ್ರಶ್ನೆ ಕೇಳಿದ ಮಗುವಿಗೆ ಸನ್ಮಾನ ಮಾಡಿದರೆ ಉತ್ತರ ಕೊಡುವುದು ತಪ್ಪುತ್ತದೆ.

ಇಂಥ ಕಾರ್ಯಕ್ರಮಗಳಲ್ಲಿ ಭಾಷಣ ಮಾಡುವವರು ಮಾತಿನಲ್ಲಿ ತಪ್ಪದೇ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಗೆ ಹೋಗುತ್ತಾರೆ. ಬೀದಿ ದೀಪದ ಕೆಳಗೆ ಓದಿದ ಕಥೆ ಬಂದೇ ಬರುತ್ತದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ತಾವು ಓದಿದರು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದರು. ಆ ಭಾಗ ಯಾಕೋ ಯಾರೂ ಹೇಳಲ್ಲ. ದೀಪವೇ ಚೆನ್ನಾಗಿ ಕಾಣುತ್ತದೆ ಅಂತ ಕಾಣುತ್ತದೆ.

ನನಗೆ ನೆನಪಾಗುವುದು ನಮ್ಮ ತಾಲ್ಲೂಕಿನವರೇ ಆದ ಎಚ್. ನರಸಿಂಹಯ್ಯನವರು. ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಬಡವರ ಮನೆ. ಊರಿನಲ್ಲಿ ಹೈಸ್ಕೂಲ್ ಇರಲಿಲ್ಲ, ಓದು ನಿಂತೇ ಹೋಗಿತ್ತು. ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಇಲ್ಲಿಗೆ ಬಾ ಅಂತ ಹೇಳಿ ಕಳಿಸಿದರು. ಬಸ್ಸಿಗೆ ದುಡ್ಡಿಲ್ಲದ ಹುಡುಗ ಬೆಂಗಳೂರಿಗೆ ನಡೆದೇ ಹೋದ. ಮುಂದೆ ಭೌತಶಾಸ್ತ್ರ ಕಲಿಸಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಬಂದದ್ದು ಅವರಿಂದ.

ಆ ನಡಿಗೆಯನ್ನು ನಾವು ತುಂಬಾ ಹೊಗಳುತ್ತೇವೆ. ಹೊಗಳಬೇಕಾದ್ದೇ. ಆದರೆ ಬಾ ಅಂತ ಕರೆದ ಮೇಷ್ಟ್ರು ಇರದಿದ್ದರೆ? ಉಳಿಯಲು ಹಾಸ್ಟೆಲ್ ಸಿಗದಿದ್ದರೆ? ಹುಡುಗ ನಡೆದು ಎಲ್ಲಿಗೆ ಹೋಗುತ್ತಿದ್ದ? ಅವರು ದೊಡ್ಡವರಾದ ಮೇಲೆ ಇನ್ನೊಂದು ಮಗು ಅಷ್ಟು ದೂರ ನಡೆಯಬಾರದು ಅಂತ ಕಾಲೇಜುಗಳನ್ನೇ ಇಲ್ಲಿಗೆ ತಂದರು. ನಾವು ಮಾತ್ರ ಇನ್ನೂ ನಡಿಗೆಯ ಭಾಷಣದಲ್ಲೇ ಇದ್ದೇವೆ.

ನಾನು ಹೇಳಿದ ಆ ಹುಡುಗಿಯ ಹಳ್ಳಿಗೆ ಬೆಳಗ್ಗೆ ಒಂದು ಬಸ್ಸು. ಅದು ಬಂದರೆ ಬಂತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ತುಂಬಾ ಒಳ್ಳೆಯದು. ಆದರೆ ಉಚಿತ ಟಿಕೆಟ್ ಕೊಡಲು ಮೊದಲು ಬಸ್ಸು ಬರಬೇಕಲ್ಲ! ಅವಳಿಗೆ ಪಿಯುಸಿಯಲ್ಲಿ ಸೈನ್ಸ್ ಬೇಕು. ಪ್ರಾಕ್ಟಿಕಲ್ ಮುಗಿಸಿ ವಾಪಸ್ ಬರುವ ಹೊತ್ತಿಗೆ ಬಸ್ಸಿಲ್ಲ. "ಆರ್ಟ್ಸ್ ತಗೊಂಡ್ರೆ ಮಧ್ಯಾಹ್ನಕ್ಕೇ ಮನೆಗೆ ಬರಬಹುದು" ಅಂತ ಅವಳ ಅಪ್ಪ ಹೇಳುತ್ತಿದ್ದಾರೆ. ಆರ್ಟ್ಸ್ ಕೆಟ್ಟದ್ದು ಅಂತಲ್ಲ. ಬಸ್ಸಿನ ಟೈಮು ನೋಡಿ ಮಗುವಿನ ವಿಷಯ ತೀರ್ಮಾನ ಆಗಬಾರದು. ಹದಿನೆಂಟು ತುಂಬುವ ಮೊದಲೇ ಮನೆಯಲ್ಲಿ ಗಂಡು ಹುಡುಕುವ ಮಾತು ಶುರುವಾಗುವುದೂ ಹೀಗೆ ಓದು ನಿಂತ ಮನೆಗಳಲ್ಲೇ ಜಾಸ್ತಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಧೈರ್ಯ ಇರುವ ಗೆಳತಿ ಎಲ್ಲರಿಗೂ ಸಿಗಲ್ಲ.

ಹಾಗಾಗಿ ನಮ್ಮ ಗುಂಪಿಗೆ ನಾನು ಹೇಳುವುದು ಇಷ್ಟು. ಸೇವೆಗೆ ಅಂಕ ಬೇಡ, ಅರ್ಜಿ ಬೇಡ, ಫೋಟೊ ಬೇಡ. ಹಳ್ಳಿಗೆ ಹೋಗಿ ಕೇಳೋಣ. ಆಶಾ ಕಾರ್ಯಕರ್ತೆಯನ್ನು, ಡೇರಿ ಕಾರ್ಯದರ್ಶಿಯನ್ನು, ಪಂಚಾಯಿತಿ ಲೈಬ್ರರಿಯಾದ ಅರಿವು ಕೇಂದ್ರದ ಗ್ರಂಥಪಾಲಕರನ್ನು, ಬಿಸಿಯೂಟದ ಅಮ್ಮಂದಿರನ್ನು. ಯಾವ ಮಗು ಯಾರಿಗೆ ಏನು ಮಾಡುತ್ತದೆ ಅಂತ ಇವರಿಗೆ ಗೊತ್ತಿರುವಷ್ಟು ಫೈಲುಗಳಿಗೆ ಗೊತ್ತಿರುವುದಿಲ್ಲ. ಹಾಗೆ ಸಿಕ್ಕಿದ ಮಕ್ಕಳ ಮನೆಗೆ ಹೋಗಿ, ನಿನಗೆ ಏನು ಬೇಕಮ್ಮ, ಏನು ಬೇಕಪ್ಪ ಅಂತ ಕೇಳೋಣ. ಒಬ್ಬರಿಗೆ ಹಾಸ್ಟೆಲ್ ಸೀಟು ಬೇಕಾಗಬಹುದು, ಇನ್ನೊಬ್ಬರಿಗೆ ಪಿಯುಸಿ ಪುಸ್ತಕ. ಒಬ್ಬ ಹುಡುಗ ಹೇಳಿದ್ದು, ಸಂಜೆ ಆರರ ಮೇಲೂ ಲೈಬ್ರರಿ ಬಾಗಿಲು ತೆರೆದಿರಲಿ ಸರ್, ಅಷ್ಟು ಸಾಕು.

ಆ ಹುಡುಗ ಎಂಟನೇ ಕ್ಲಾಸಿನಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಪಾಸಾದವನು. ವರ್ಷಕ್ಕೆ 12,000ದಂತೆ ಒಂಬತ್ತರಿಂದ ಎರಡನೇ ಪಿಯುಸಿ ತನಕ ನಾಲ್ಕು ವರ್ಷ, ಒಟ್ಟು 48,000. ಕೂಲಿ ಮಾಡುವ ಮನೆಗೆ ಇದು ಸಣ್ಣ ದುಡ್ಡಲ್ಲ. ತನಗೆ ಸಿಕ್ಕಿದ ಮೇಲೆ ಈಗ ತನ್ನ ಶಾಲೆಯ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದಾನೆ. ಬುದ್ಧಿಶಕ್ತಿ ಪತ್ರಿಕೆಯ ಸಂಖ್ಯಾ ಸರಣಿ, ಕನ್ನಡಿ ಬಿಂಬ, ಇದನ್ನೆಲ್ಲ ಮೊದಲೇ ನೋಡಿರದ ಮಗು ಎಷ್ಟು ಜಾಣ ಆದರೂ ಹೆದರುತ್ತದೆ. ಅವನು ಹೆದರಿಕೆ ಬಿಡಿಸುತ್ತಾನೆ, ಅಷ್ಟೇ. ಲೈಬ್ರರಿ ಬಾಗಿಲು ಹಾಕಿದ ಮೇಲೆ ದೇವಸ್ಥಾನದ ಜಗುಲಿಯಲ್ಲಿ ಕೂರುತ್ತಾರೆ. ಹೇಳಿಕೊಟ್ಟು ಹೇಳಿಕೊಟ್ಟು ತನ್ನ ಗಣಿತವೇ ಗಟ್ಟಿಯಾಯಿತು ಅಂತ ನಗುತ್ತಾನೆ. ನಮ್ಮ ಗೆಳೆಯರ 80-20 ಲೆಕ್ಕದಲ್ಲಿ ಇವನು ಸೇವೆಯ ಖಾನೆಗೆ ಬರುತ್ತಾನೋ, ಓದಿನ ಖಾನೆಗೆ ಬರುತ್ತಾನೋ? ಎರಡೂ ಒಂದೇ ಜಗುಲಿ ಮೇಲೆ ನಡೆಯುತ್ತಿದೆ.

ಶಾಲು, ಸ್ಮರಣಿಕೆ, ಶಾಮಿಯಾನ, ಅತಿಥಿಗಳ ಊಟ, ಎಲ್ಲ ಸೇರಿಸಿದರೆ ಹೋದ ವರ್ಷ ನಮಗೆ ಬಿದ್ದ ಖರ್ಚಿನಲ್ಲಿ ಲೈಬ್ರರಿಗೆ ವರ್ಷವಿಡೀ ಸಂಜೆ ಒಬ್ಬರನ್ನು ಕೂರಿಸಬಹುದಿತ್ತು. ಗ್ರಂಥಪಾಲಕರು ಒಪ್ಪಿದ್ದಾರೆ, ಪಂಚಾಯಿತಿಯವರು ಅರ್ಜಿ ಕೊಡಿ ಅಂದಿದ್ದಾರೆ. ಬಸ್ಸಿನ ವಿಷಯಕ್ಕೆ ಡಿಪೋಗೆ ಒಂದು ಮನವಿ ಬರೆದಿದ್ದೇವೆ, ಸಹಿ ಇನ್ನೂ ಕಡಿಮೆ ಇವೆ. ಭಾನುವಾರ ಸಂಜೆ ಮೀಟಿಂಗ್ ಇದೆ. ಶಾಮಿಯಾನ ಬುಕ್ ಮಾಡುವ ಮುಂಚೆ ಬನ್ನಿ, ಜಗಳ ಆಡೋಣ. ಆ ಹುಡುಗಿಯನ್ನೂ ಕರೆದಿದ್ದೇನೆ. ಮನವಿಯ ಕರಡು ನೋಡಿ, "ಇದು ಡಿಪೋ ಮ್ಯಾನೇಜರ್‌ಗೆ ಮಾತ್ರ ಹೋದ್ರೆ ಆಗಲ್ಲ ಸರ್, ಒಂದು ಕಾಪಿ ವಿಭಾಗೀಯ ಕಚೇರಿಗೂ ಹಾಕಿ, ಸ್ವೀಕೃತಿ ತಗೊಳ್ಳಿ" ಅಂತ ಆಗಲೇ ಹೇಳಿ ಕಳಿಸಿದ್ದಾಳೆ.