ಬಿಸಾಡದ ಬ್ಲೇಡು

ನಮ್ಮ ಮನೆಯಲ್ಲಿ ಬ್ಲೇಡಿಗೆ ಸಾವಿಲ್ಲ. ನಾಲ್ಕು ದಿನ ನನ್ನ ಗಡ್ಡಕ್ಕೆ ದುಡಿದ ಮೇಲೆ ಅದು ಹೆಂಡತಿಯ ಹೊಲಿಗೆ ಡಬ್ಬಿ ಸೇರುತ್ತದೆ, ಸೀರೆ ಫಾಲ್ಸ್ ಬಿಚ್ಚಲಿಕ್ಕೆ. ಆಮೇಲೆ ಅರ್ಧಕ್ಕೆ ಮುರಿದು ಮಗನ ಪೆನ್ಸಿಲ್ ಕೆತ್ತುವ ಕೆಲಸಕ್ಕೆ ವರ್ಗ.

ಪಾಪ, ಬಳಸಿ ಬಿಸಾಡುವ ಬ್ಲೇಡು ತಂದ ಕಿಂಗ್ ಕ್ಯಾಂಪ್ ಜಿಲೆಟ್ ಇದನ್ನು ಕೇಳಿದ್ದರೆ ಎದೆ ಬಡಿದುಕೊಳ್ಳುತ್ತಿದ್ದ. ಆತ ಅಮೆರಿಕದಲ್ಲಿ ಬಾಟಲಿ ಮುಚ್ಚಳ ಮಾರುತ್ತಿದ್ದ ಸೇಲ್ಸ್‌ಮನ್. ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಒಂದು ಗುಟ್ಟು ಹೇಳಿಕೊಟ್ಟಿದ್ದನಂತೆ: ಜನ ಬಳಸಿ ಬಿಸಾಕಿ, ಮತ್ತೆ ನಿನ್ನ ಹತ್ತಿರವೇ ಬರುವಂಥದ್ದನ್ನು ಮಾಡು. 1895ರಲ್ಲಿ ಒಂದು ಬೆಳಿಗ್ಗೆ ಮೊಂಡು ಕ್ಷೌರದ ಕತ್ತಿ ಹಿಡಿದು ನಿಂತಾಗ ಜಿಲೆಟ್‌ಗೆ ಹೊಳೆಯಿತು: ತೆಳ್ಳನೆಯ ಬ್ಲೇಡು ಮಾಡಿದರೆ, ಮೊಂಡಾದ ಮೇಲೆ ಜನ ಬಿಸಾಕಿ ಹೊಸದು ಕೊಳ್ಳುತ್ತಾರೆ! ಆದರೆ ಅಷ್ಟು ತೆಳು ಉಕ್ಕಿಗೆ ಹರಿತ ಬರಿಸೋದು ಆಗದ ಮಾತು ಅಂದರು ಬಲ್ಲವರು. ಕೊನೆಗೆ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದಕ್ಕೊಂದು ದಾರಿ ಮಾಡಿದ. 1903ರಲ್ಲಿ ಹೋದದ್ದು ಬರೀ 51 ರೇಜರ್, 168 ಬ್ಲೇಡು. ಮರುವರ್ಷ ರೇಜರ್ 90,000 ದಾಟಿತು! ರೇಜರ್ ಬರೀ ನೆಪ, ಬಿಸಾಡಿಸೋದೇ ವ್ಯಾಪಾರ. ಹಾಸನದಲ್ಲಿ ನಮ್ಮಮ್ಮನ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ.

ಮೊನ್ನೆ ಮಾಘದಲ್ಲಿ ಸಕಲೇಶಪುರದಲ್ಲಿ ನಮ್ಮ ಷಡ್ಡಕನ ಗೃಹಪ್ರವೇಶ. ಮುಹೂರ್ತ ಬುಧವಾರ ಬೆಳಿಗ್ಗೆ. ಹಿಂದಿನ ದಿನ ಮಂಗಳವಾರ, ಸಲೂನ್ ರಜೆ. ಐದು ಗಂಟೆಗೆ ಎದ್ದರೆ ಕರೆಂಟಿಲ್ಲ, ನೀರು ಮಂಜುಗಡ್ಡೆ. ಕನ್ನಡಿ ಹತ್ತಿರ ತಡಕಾಡಿದೆ, ಬ್ಲೇಡೊಂದು ಕೈಗೆ ಸಿಕ್ಕಿತು. ರೇಜರಿಗೆ ಹಾಕಿ ಎಳೆದೆ. ಕೆನ್ನೆ ಚರ್ ಅಂತು. ಇನ್ನೊಮ್ಮೆ ಎಳೆದೆ, ಗಲ್ಲವೂ ಹೋಯಿತು. ಮೂರನೆಯದು ಮೂಗಿನ ಕೆಳಗೆ. ಇದೊಂದು ಸುಮ್ನೆ ಹಟಕ್ಕೆ.

ಚೀರಾಟಕ್ಕೆ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಓಡಿ ಬಂದಳು.

“ರೀ, ಅದು ನನ್ನ ಬ್ಲೇಡು! ರಾತ್ರಿ ಫಾಲ್ಸ್ ಬಿಚ್ಚಿ ಅಲ್ಲಿಟ್ಟಿದ್ದೆ. ಪೂರ್ತಿ ಮೊಂಡು ಮಾಡಿಬಿಟ್ರಾ?”

ಪಟಿಕದ ಕಲ್ಲು ಹುಡುಕಿದರೆ ಸಿಗಲಿಲ್ಲ. ಅಮ್ಮ ಡಬ್ಬಿಯಿಂದ ಒಂದು ಚಿಟಿಕೆ ಕಾಫಿಪುಡಿ ತಂದು ಮೂರೂ ಕಡೆ ಒತ್ತಿದರು. “ಚಿಕೋರಿ ಇಲ್ಲದ್ದು ಕಣೋ, ಚೆನ್ನಾಗಿ ಹಿಡಿಯುತ್ತೆ” ಅಂತ ಸಮಾಧಾನ ಬೇರೆ. ರಕ್ತವೇನೋ ನಿಂತಿತು. ಒರೆಸಿದರೆ ಮತ್ತೆ ಬರುತ್ತೆ ಅಂತ ಹಾಗೇ ಕಾರು ಹತ್ತಿದೆ.

ಹೋಮದ ಮುಂದೆ ಕೂತಿದ್ದೆ. ಹೊಗೆಗೆ ಬೆವರು ಇಳಿಯತೊಡಗಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎರಡು ಸಲ ಮೂಗು ಅರಳಿಸಿದರು.

“ಏಳ್ರೀ, ಕಾಫಿ ಕೊಡೋಕೆ ಶುರು ಮಾಡಿದ್ರು ಅನ್ಸುತ್ತೆ” ಎಂದು ಆಚೆಯವರನ್ನೂ ಎಬ್ಬಿಸಿಕೊಂಡು ಅಡುಗೆಮನೆ ಕಡೆ ನಡೆದರು.