ಸ್ಕೋಪ್ಯೆಯ ಹೊಗೆ ಮತ್ತು ಹಸಿ ಕಟ್ಟಿಗೆ

ಉತ್ತರ ಮ್ಯಾಸಿಡೋನಿಯಾ ಸುಮಾರು 18 ಲಕ್ಷ ಜನರ ಪುಟ್ಟ ದೇಶ. ಮದರ್ ತೆರೇಸಾ ಹುಟ್ಟಿದ ಸ್ಕೋಪ್ಯೆ ಅದರ ರಾಜಧಾನಿ. ಜನವರಿಯಲ್ಲಿ ಪಕ್ಕದ ವೊದ್ನೊ ಬೆಟ್ಟ ಹತ್ತಿದರೆ ಮೇಲೆ ಎಳೆಬಿಸಿಲು, ನೀಲಿ ಆಕಾಶ. ಕೆಳಗೆ ಊರಿರಬೇಕಾದ ಜಾಗದಲ್ಲಿ ಬೂದುಬಣ್ಣದ ಹೊಗೆಯ ಕೆರೆ.

ಬೈಯುವಾಗ ಎಲ್ಲರೂ ಕಾರು, ಕಾರ್ಖಾನೆ ಅಂತಾರೆ. ಅವುಗಳ ಪಾಲೂ ಇದೆ. ಆದರೆ ಚಳಿಗಾಲದ ಪಿಎಂ 2.5 ಕಣಗಳಲ್ಲಿ, ಅಂದರೆ ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸಣ್ಣ ಕಣಗಳಲ್ಲಿ, ದೊಡ್ಡ ಪಾಲು ಮನೆ ಬೆಚ್ಚಗಿಡುವ ಕಟ್ಟಿಗೆ ಒಲೆಗಳದ್ದು. ಇದನ್ನು ಒಪ್ಪದೆ ಯಾವ ಯೋಜನೆ ಹಾಕಿದರೂ ಹೊಗೆ ಇಳಿಯದು.

ವರ್ದಾರ್ ನದಿಯ ಕಣಿವೆಯಲ್ಲಿರುವ ಈ ಊರನ್ನು ಬೆಟ್ಟಗಳು ಸುತ್ತುವರಿದಿವೆ. ರಾತ್ರಿ ನೆಲ ತಣಿದಂತೆ ತಂಪು ಗಾಳಿ ತಳಕ್ಕಿಳಿಯುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಗಾಳಿ ಬೀಸದಿದ್ದರೆ ದಿನಗಟ್ಟಲೆ ಆ ಮುಚ್ಚಳ ತೆರೆಯುವುದಿಲ್ಲ. ಸಂಜೆ ಒಲೆ ಹೊತ್ತಿತೆಂದರೆ ಹೊಗೆ ಅಲ್ಲೇ ಸುತ್ತುತ್ತದೆ. ಯುರೋಪಿಯನ್ ಒಕ್ಕೂಟದ ಹಳೆಯ ನಿಯಮದಲ್ಲೂ ಪಿಎಂ 10 (ತುಸು ದೊಡ್ಡವೂ ಸೇರಿದ ಕಣಗಳು) ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ದಾಟುವುದಕ್ಕೆ ವರ್ಷಕ್ಕೆ 35 ದಿನವಷ್ಟೇ ವಿನಾಯಿತಿ. ಸ್ಕೋಪ್ಯೆ ಆ 35ನ್ನು ವರ್ಷ ವರ್ಷವೂ ಮೀರಿದೆ.

ಹಸಿ ಕಟ್ಟಿಗೆ ಯಾಕಿಷ್ಟು ಕೆಡುಕು? ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಶೇ 20ರಷ್ಟು ತೇವವಿರುವ ಒಂದು ಕಿಲೋ ಕಟ್ಟಿಗೆ ಸುಮಾರು 4 ಯೂನಿಟ್ (ಕಿಲೋವಾಟ್-ಗಂಟೆ) ಶಾಖ ಕೊಟ್ಟರೆ, ಹಸಿಯದು ಕೊಡುವುದು ಎರಡು ಚಿಲ್ಲರೆ. ಉಳಿದದ್ದು ನೀರು ಆವಿಯಾಗಲು ಮತ್ತು ಆ ನೀರಿನ ತೂಕಕ್ಕೇ ಹೋಯಿತು. ಉರಿ ತಣ್ಣಗಾಗುತ್ತದೆ, ಮರದಿಂದ ಬಂದ ಟಾರು ಸುಟ್ಟುಹೋಗದೆ ಚಿಮಣಿಯಿಂದ ಹೊಗೆಯಾಗಿ ಹೊರಬೀಳುತ್ತದೆ. ರಾತ್ರಿಯಿಡೀ ಕೆಂಡ ಉಳಿಯಲಿ ಎಂದು ಗಾಳಿಕಿಂಡಿ ಮುಚ್ಚಿದರೆ ಇನ್ನೂ ಕಷ್ಟ. ಹಳೆಯ ಪೀಠೋಪಕರಣದ ಪ್ಲೈ ಹಲಗೆ ತುರುಕಿದರೆ ಅಂಟು, ಬಣ್ಣದ ವಿಷವೂ ಸೇರುತ್ತದೆ.

ಒಲೆ ಉರಿಸಲೇಬೇಕಾದವರಿಗೆ ದಾರಿ ಇದೆ. ಕಟ್ಟಿಗೆಯನ್ನು ವಸಂತಕ್ಕೆ ಮೊದಲೇ ಕೊಂಡು ಅಂಗೈಯಗಲಕ್ಕೆ ಸೀಳಿ, ನೆಲ ತಾಗದಂತೆ ಪೇರಿಸಿ, ಮೇಲೆ ಮಾತ್ರ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಡಬೇಕು. ಓಕ್ ಮರಕ್ಕೆ ಎರಡು ಬೇಸಿಗೆ ಬೇಕು. ತೇವ ಅಳೆಯುವ ಮೀಟರನ್ನು ಹೊರಮೈಗೆ ಚುಚ್ಚಬೇಡಿ, ಅದು ಬೇಗ ಒಣಗಿ ಸುಳ್ಳು ಹೇಳುತ್ತದೆ. ತುಂಡನ್ನು ಮತ್ತೆ ಸೀಳಿ ಒಳಮೈಗೆ ಚುಚ್ಚಿ ನೋಡಿ. ಬೆಂಕಿಯನ್ನು ಮೇಲಿನಿಂದ ಹೊತ್ತಿಸಿದರೆ ಹೊಗೆ ಜ್ವಾಲೆಯ ಮೂಲಕವೇ ಹಾಯ್ದು ಸುಡುತ್ತದೆ.

ಆದರೆ ನಿಜವಾದ ಪರಿಹಾರ ಒಲೆ ಬಿಡಿಸುವುದೇ. ಚಳಿಗಾಲದಲ್ಲಿ ಹೊರಗಾಳಿಯ ಶಾಖವನ್ನು ಒಳಗೆಳೆದು ಮನೆ ಬೆಚ್ಚಗಿಡುವ ಇನ್ವರ್ಟರ್ ಏಸಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಗೋಡೆ, ಕಿಟಕಿಗಳಿಂದ ಶಾಖ ಸೋರುವ ಮನೆಗೆ ಅದನ್ನು ಹಾಕಿದರೆ ಕರೆಂಟ್ ಬಿಲ್ ಏರಿ, ಮನೆಯವರು ಮರುವರ್ಷ ಒಲೆಗೇ ಮರಳುತ್ತಾರೆ. ಹಾಗಾಗಿ ಮೊದಲು ಗೋಡೆಗೆ ಶಾಖ ತಡೆಯುವ ಹೊದಿಕೆ, ಆಮೇಲೆ ಯಂತ್ರ. ಸಬ್ಸಿಡಿಯೂ ಮುಂಗಡವಾಗಿ ಸಿಗಬೇಕು. 'ಮೊದಲು ಕೊಳ್ಳಿ, ಬಿಲ್ ತನ್ನಿ' ಎಂದರೆ ದುಡ್ಡಿದ್ದವರಿಗಷ್ಟೇ ಲಾಭ, ಹಸಿ ಕಟ್ಟಿಗೆ ಉರಿಸುವ ಮನೆಗೆ ಏನೂ ತಲುಪುವುದಿಲ್ಲ.

ಇದರ ಜೊತೆಗೇ, ಏಸಿಗೆ ಬೇಕಾದ ವಿದ್ಯುತ್ತು ತಯಾರಿಸುವ, ದೇಶದ ದಕ್ಷಿಣದ ಬಿಟೋಲಾ ಊರಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ವಿದ್ಯುತ್ ಸ್ಥಾವರದ ಚಿಮಣಿಗಳಿಗೆ ಗಂಧಕ ಹಿಡಿಯುವ ಉಪಕರಣ ಹಾಕಲೇಬೇಕು, ಇಲ್ಲವೇ ಸ್ಥಾವರ ಮುಚ್ಚಬೇಕು. ಸ್ಕೋಪ್ಯೆಯ ಹೀಟರಿಗಾಗಿ ಬಿಟೋಲಾದ ಮಕ್ಕಳು ಗಂಧಕ ಉಸಿರಾಡುವುದನ್ನು ನಾನು ಪರಿಹಾರ ಅನ್ನಲಾರೆ.