ಎಕ್ಕದ ಜೋಡಿಯನ್ನೂ ಬಿಡಬೇಕಾಗುತ್ತದೆ

ಪೋಕರ್‌ನಲ್ಲಿ ಕೈಗೆ ಎರಡು ಎಕ್ಕ ಬಂದರೆ ಕೊನೆಯವರೆಗೂ ಬಿಡಬಾರದು ಎಂದು ಬರೆದಿದ್ದೀರಿ. ಒಪ್ಪೋದು ಕಷ್ಟ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ (ಕೈಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಎದುರಿಗೆ ಒಬ್ಬನೇ ಇದ್ದರೆ ಎಕ್ಕದ ಜೋಡಿ 100ಕ್ಕೆ ಸುಮಾರು 85 ಸಲ ಗೆಲ್ಲುತ್ತದೆ, ನಿಜ. ಎದುರಿಗೆ ಐದು ಜನ ಕೊನೆಯ ತನಕ ನಿಂತರೆ ಅದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಅದೂ ಮೇಜಿನ ಮೇಲೆ ಎಲೆ ಬೀಳುವ ಮೊದಲಿನ ಲೆಕ್ಕ.

ಮೊನ್ನೆ ಮನೆಯಲ್ಲಿ ಕಡಲೆಬೀಜ ಕಟ್ಟಿ ಆಡುತ್ತಿದ್ದೆವು (ದುಡ್ಡು ಇಟ್ಟರೆ ರಾತ್ರಿ ಊಟ ಸಿಗಲ್ಲ!). ನನ್ನ ಕೈಲಿ ಎರಡು ಎಕ್ಕ. ಮೇಜಿನ ಮೇಲೆ 9, 8, 7 ಬಿತ್ತು. ನಾಲ್ಕನೆಯ ಎಲೆ 6. ಇನ್ನು ಯಾರ ಹತ್ತಿರ ಒಂದು 10 ಅಥವಾ 5 ಇದ್ದರೂ ಸ್ಟ್ರೇಟ್ ಆಯ್ತು (ಸಾಲಾಗಿ ಐದು ಎಲೆ, ಜೋಡಿಗಿಂತ ದೊಡ್ಡದು), ಅಲ್ವಾ? ಅಲ್ಲಿಯವರೆಗೆ ಸುಮ್ನೆ ಕಾಲ್ ಮಾಡುತ್ತಿದ್ದ, ಅಂದರೆ ಬೇರೆಯವರು ಕಟ್ಟಿದಷ್ಟನ್ನೇ ಕಟ್ಟುತ್ತಿದ್ದ ನಮ್ಮ ಭಾವ, ಪಾಟ್‌ನಲ್ಲಿ (ಎಲ್ಲರೂ ಕಟ್ಟಿದ ರಾಶಿಯಲ್ಲಿ) ಎಷ್ಟಿತ್ತೋ ಅಷ್ಟನ್ನೂ ಬೆಟ್ ಕಟ್ಟಿದರು. ಅಂಥ ಬೆಟ್‌ಗೆ ಕಾಲ್ ಮಾಡಬೇಕಾದರೆ ಮೂರು ಸಲಕ್ಕೆ ಒಂದು ಸಲವಾದರೂ ಗೆಲ್ಲಬೇಕು, ಇಲ್ಲದಿದ್ದರೆ ನಷ್ಟ. ಭಾವ ಕೆಟ್ಟ ಎಲೆ ಇಟ್ಟುಕೊಂಡು ಬ್ಲಫ್ ಮಾಡುವ ಆಸಾಮಿಯೇ ಅಲ್ಲ. ಹೊಟ್ಟೆ ಉರಿದರೂ ಎಕ್ಕ ಎರಡನ್ನೂ ಫೋಲ್ಡ್ ಮಾಡಿ ಆ ಆಟ ಬಿಟ್ಟೆ.

ಅವರು ಎಲೆ ತೋರಿಸಲೇ ಇಲ್ಲ. ಬಟ್ಟಲನ್ನು ಹತ್ತಿರ ಎಳೆದುಕೊಂಡು ಕಡಲೆಬೀಜ ತಿನ್ನೋಕೆ ಶುರು ಮಾಡಿದರು.